ಸೊನುನ್ ಎಜೆ ತೊಳೆಯದ ಜೆರ್ಸಿ

ಕಮಿಶ್-ಸಾಯ್ ಪಟ್ಟಣದಲ್ಲಿ ಯಾರ ಮನೆಯ ಗುಟ್ಟು ಯಾರಿಗೆ ಗೊತ್ತಿತ್ತೋ ಇಲ್ಲವೋ, ಫುಟ್‌ಬಾಲ್ ತಂಡದ ಹದಿನೆಂಟು ಜನರ ಗುಟ್ಟೂ ಸೊನುನ್ ಎಜೆಗೆ ಗೊತ್ತಿತ್ತು. ಬಟ್ಟೆ ಒಗೆಯುವವರಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಪಂದ್ಯದ ಹಿಂದಿನ ದಿನ ಯಾರು ಕೊಬ್ಬಿನ ಪಲಾವು ಬಾರಿಸಿದ್ದಾರೆ, ಯಾರು ಕದ್ದು ಸಿಗರೇಟು ಸೇದುತ್ತಾರೆ, ಯಾರ ಹೆಂಡತಿ ಮುನಿಸಿಕೊಂಡು ತವರಿಗೆ ಹೋಗಿದ್ದಾಳೆ, ಎಲ್ಲವೂ ಕಾಲರಿನಲ್ಲಿ, ಕಂಕುಳಲ್ಲಿ, ಕಾಲುಚೀಲದ ತೂತಿನಲ್ಲಿ ಬರೆದಿರುತ್ತದೆ. ಎಜೆ ಎಂದರೆ ಅಕ್ಕ. ಅರವತ್ತೊಂದು ವರ್ಷದ ಆಕೆಯನ್ನು ಊರಿನ ಐವತ್ತರ ಗಂಡಸರೂ ಐದರ ಮಕ್ಕಳೂ ಹಾಗೆಯೇ ಕರೆಯುತ್ತಿದ್ದರು.

ಆಕೆ ಹುಟ್ಟಿದ್ದು ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ, ಕುರಿ ಕಾಯುವವರ ಡೇರೆಯಲ್ಲಿ. ಹದಿನೆಂಟಕ್ಕೆ ಕೆಳಗಿಳಿದು ಬಂದು ಪಟ್ಟಣದ ಉಣ್ಣೆ ತೊಳೆಯುವ ಕಾರ್ಖಾನೆ ಸೇರಿದಳು. ಆ ಕಾರ್ಖಾನೆಗೊಂದು ಫುಟ್‌ಬಾಲ್ ತಂಡವಿತ್ತು, ಹೆಸರು ಅಕ್-ಕೊಚ್ಕೊರ್, ಅಂದರೆ ಬಿಳಿ ಟಗರು. ತಂಡದ ಗೋಲ್‌ಕೀಪರ್ ಜೊಲ್ಚುವನ್ನು ಆಕೆ ಮದುವೆಯಾದಳು. ಜೊಲ್ಚು ಹಿಡಿದ ಚೆಂಡಿಗಿಂತ ಬಿಟ್ಟ ಚೆಂಡೇ ಹೆಚ್ಚು ಎಂದು ಊರು ನಗುತ್ತಿತ್ತು. ನನ್ನೊಬ್ಬಳನ್ನ ಗಟ್ಟಿಯಾಗಿ ಹಿಡಿದ, ಅಷ್ಟು ಸಾಕು ಎಂದು ಸೊನುನ್ ಹೇಳುತ್ತಿದ್ದಳು. ಆಮೇಲೆ ನಮ್ಮ ನಾಡೂ ಸೇರಿದ್ದ ದೊಡ್ಡ ದೇಶ ಒಡೆದು ಚೂರಾಯಿತು, ಕಾರ್ಖಾನೆಗೆ ಬೀಗ ಬಿತ್ತು, ಜೊಲ್ಚು ಎದೆನೋವಿನಿಂದ ತೀರಿಕೊಂಡ. ಉಳಿದದ್ದು ತಂಡವೊಂದೇ. ವರ್ಷಗಟ್ಟಲೆ ಉಣ್ಣೆ, ಕಾಲುಚೀಲ, ಮನೆಯ ಬಟ್ಟೆ ಎಂದು ನೀರಿನಲ್ಲೇ ಇದ್ದ ಕೈ ಸುಮ್ಮನಿರಲಾರದು. ಗ್ಯಾಲರಿಯ ಹಿಂದಿನ ಇಟ್ಟಿಗೆಯ ಕೋಣೆಯಲ್ಲಿ ಒಲೆ ಹಚ್ಚಿ, ಎರಡು ಹಂಡೆ ಏರಿಸಿ, ಆಕೆ ತಂಡದ ಬಟ್ಟೆ ಒಗೆಯಲು ನಿಂತಳು. ಬಟ್ಟೆ ಒಗೆಯುವ ಯಂತ್ರವೂ ಒಂದಿತ್ತು. ಅದು ಬಟ್ಟೆಗಿಂತ ಹೆಚ್ಚಾಗಿ ನೆಲವನ್ನು ತೊಳೆಯುತ್ತಿತ್ತು.

ಹೀಗಿರುವಾಗ ತಂಡಕ್ಕೆ ತಿಲೆಕ್ ಬಂದ.

ಇಪ್ಪತ್ತೆರಡು ವರ್ಷ, ಉದ್ದ ಕಾಲು, ಗಾಳಿಗೆ ಹಾರುವ ಕೂದಲು. ಚೆಂಡು ಅವನ ಕಾಲಿಗೆ ಬಂದರೆ ಸಾಕು, ಎದುರಾಳಿಗಳು ಮದುವೆಗೆ ಕರೆಯದೆ ಬಂದವರ ಹಾಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು. ಮೊದಲ ವರ್ಷವೇ ಹದಿನಾಲ್ಕು ಗೋಲು. ಹದಿನೈದು ವರ್ಷದಿಂದ ಲೀಗಿನ ತಳದಲ್ಲಿ ಬೇರುಬಿಟ್ಟು ಕುಳಿತಿದ್ದ ಟಗರು ಮೂರನೇ ಸ್ಥಾನಕ್ಕೆ ನೆಗೆಯಿತು. ಹಿಟ್ಟಿನ ಗಿರಣಿಯ ಮಾಲೀಕರೂ ಕ್ಲಬ್ಬಿನ ಅಧ್ಯಕ್ಷರೂ ಆದ ಶಾಮ್‌ಬೆತ್ ಅವನಿಗೊಂದು ಬಿಳಿ ಕಾರು ಕೊಡಿಸಿದರು. ಅಂಗಡಿಯವರು ಅವನ ಹತ್ತಿರ ಸಮೋಸಕ್ಕೆ ದುಡ್ಡು ತೆಗೆದುಕೊಳ್ಳುವುದನ್ನು ಬಿಟ್ಟರು. ಹುಡುಗ ಕೆಡಲು ಇನ್ನೇನು ಬೇಕು? ಅವನಿಗೆ ಯಾವ ಹಳೆಯ ನೋವೂ ಇರಲಿಲ್ಲ, ಕಷ್ಟದ ಬಾಲ್ಯವೂ ಇರಲಿಲ್ಲ. ತಂದೆ ತಾಯಿ ಚೆನ್ನಾಗಿ ಸಾಕಿದ್ದರು. ಬರೀ ಸುಖ ಹೆಚ್ಚಾಗಿ ಕೆಟ್ಟವನು ಅವನು.

ಹತ್ತು ಗಂಟೆಯ ಅಭ್ಯಾಸಕ್ಕೆ ಹನ್ನೊಂದಕ್ಕೆ ಬರುವುದು, ಬಂದವನು ಕಾರನ್ನು ಮೈದಾನದ ಒಳಗೇ ತಂದು ನಿಲ್ಲಿಸುವುದು. ಒಮ್ಮೆ ಕೋಚ್ ಲಿಗಾಯ್ ಅವನನ್ನು ಆಟದ ಮಧ್ಯೆ ಹೊರಗೆ ಕರೆದಾಗ ಅವನು ನೀರಿನ ಬಾಟಲಿಯನ್ನು ಅವರ ಕಾಲ ಬುಡಕ್ಕೆ ಎಸೆದ. ಲಿಗಾಯ್ ಕೊರಿಯನ್ ಮೂಲದ ಸಣಕಲು ಮನುಷ್ಯ; ಸಿಟ್ಟು ಬಂದರೆ ಮಾತು ನಿಂತು ಕಿವಿ ಕೆಂಪಾಗುತ್ತಿತ್ತು. ಆ ವರ್ಷ ಅವರ ಕಿವಿ ಬಿಳಿಯಾಗಿದ್ದನ್ನು ಯಾರೂ ಕಾಣಲಿಲ್ಲ.

ಏನು ಮಾಡಬೇಕೆಂದು ಕ್ಲಬ್ಬಿನಲ್ಲಿ ಸಭೆಯ ಮೇಲೆ ಸಭೆ ನಡೆಯಿತು. ಸಭೆಗೆ ಚಹಾ ಒಯ್ಯುತ್ತಿದ್ದವಳು ಸೊನುನ್ ಎಜೆಯೇ, ಹಾಗಾಗಿ ಎಲ್ಲ ಮಾತೂ ಆಕೆಯ ಕಿವಿಗೆ ಬೀಳುತ್ತಿತ್ತು. ಒಬ್ಬರು ಬುದ್ಧಿ ಹೇಳೋಣ ಎಂದರು. ಇನ್ನೊಬ್ಬರು ಮದುವೆ ಮಾಡಿಸಿದರೆ ಸರಿಹೋಗುತ್ತಾನೆ ಎಂದರು. ಲಿಗಾಯ್ ಅವನನ್ನು ಮನೆಗೆ ಕಳಿಸಿ ಎಂದರು. ಶಾಮ್‌ಬೆತ್ ಕೈಯಾಡಿಸಿ, ಕುದುರೆ ಹಾಲು ಕುಡಿಯುವ ನಮ್ಮ ನಾಡಿನ ಗಾದೆ ಹೇಳಿದರು.

"ಹಾಲು ಕೊಡೋ ಕುದುರೆ ಒದ್ರೆ ಒದೆಸ್ಕೋಬೇಕು ಕಣಯ್ಯ."

"ಒದೆಸ್ಕೊಳ್ಳೋನು ನಾನು, ಹಾಲು ಕುಡಿಯೋರು ನೀವು," ಎಂದರು ಲಿಗಾಯ್.

ಕೊನೆಗೆ ತಪ್ಪೊಪ್ಪಿಗೆಯ ಪತ್ರ ಬರೆಸಿಕೊಳ್ಳುವುದೆಂದು ತೀರ್ಮಾನವಾಯಿತು. ತಿಲೆಕ್ ತಕರಾರಿಲ್ಲದೆ ಬರೆದುಕೊಟ್ಟ. ಎರಡು ವಾರದ ನಂತರ ಮತ್ತೆ ತಡವಾಗಿ ಬಂದಾಗ, ಯಾರೂ ಕೇಳುವ ಮೊದಲೇ ಜೇಬಿನಿಂದ ಇನ್ನೊಂದು ಪತ್ರ ತೆಗೆದುಕೊಟ್ಟ. ಅದೇ ಅಕ್ಷರ, ಅದೇ ಮಾತು. ತಾರೀಖಿನ ಜಾಗ ಖಾಲಿ ಬಿಟ್ಟು ಇಪ್ಪತ್ತು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದ. ಅದನ್ನು ಕೇಳಿ ಸೊನುನ್ ಎಜೆ ಚಹಾದ ತಟ್ಟೆ ಹಿಡಿದೇ ಬಾಗಿಲ ಹೊರಗೆ ನಿಂತು, ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಪೋಲಿ ಎಂದು ಬೈದುಕೊಂಡಳು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಆಕೆಗೆ ಅವನ ಮೇಲೆ ಕೊಂಚ ಅಕ್ಕರೆಯೇ ಇತ್ತು.

ಅಕ್ಕರೆ ಕರಗಿದ್ದು ಏಪ್ರಿಲ್ ತಿಂಗಳ ಒಂದು ಶನಿವಾರ.

ಪಂದ್ಯ ಗೆದ್ದು ಎಲ್ಲರೂ ಬಟ್ಟೆ ಬದಲಿಸಿ ಹೊರಟಿದ್ದರು. ಎಜೆ ಜೆರ್ಸಿಗಳನ್ನು ಬುಟ್ಟಿಗೆ ತುಂಬುತ್ತ ಎಣಿಸಿದಳು, ಹದಿನೇಳೇ ಇದ್ದವು. ಹತ್ತನೇ ನಂಬರಿನದು ಕಾಣಲಿಲ್ಲ. ಕಿಟಕಿಯಿಂದ ನೋಡಿದರೆ ತಿಲೆಕ್ ಕಾರಿನ ಮುಂದೆ ನಿಂತಿದ್ದಾನೆ. ಹಿಂದಿನ ದಿನದ ಧೂಳುಮಳೆಗೆ ಕಾರಿನ ಗಾಜೆಲ್ಲ ರಾಡಿಯಾಗಿತ್ತು. ಅವನು ಜೆರ್ಸಿಯನ್ನು ಉಂಡೆ ಮಾಡಿ ಗಾಜು ಒರೆಸಿದ, ಚಕ್ರ ಒರೆಸಿದ, ಕೊನೆಗೆ ಎಂಜಿನ್ನಿನ ಮುಚ್ಚಳ ಎತ್ತಿ ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನೂ ಒರೆಸಿದ. ಆಮೇಲೆ ಅದನ್ನು ಒಗೆಯುವ ಕೋಣೆಯ ಬಾಗಿಲಿನಿಂದ ಒಳಗೆ ಎಸೆದು, "ಎಜೆ, ಇದು ಸ್ವಲ್ಪ ಕೊಳೆಯಾಗಿದೆ, ಚೆನ್ನಾಗಿ ಉಜ್ಜಿ," ಎಂದು ಹೊರಟೇಹೋದ.

ಎಜೆ ಒಲೆಗೆ ಸೌದೆ ತುಂಬಿದಳು. ಹದಿನೇಳು ಜೆರ್ಸಿಗಳನ್ನು ನೆನೆಸಿದಳು, ಉಜ್ಜಿದಳು, ಪಾಪ್ಲರ್ ಮರಗಳ ನಡುವಿನ ಹಗ್ಗಕ್ಕೆ ಹರವಿದಳು. ಹದಿನೆಂಟನೆಯದನ್ನು ಎರಡು ಬೆರಳಲ್ಲಿ ಎತ್ತಿ, ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನ ಮೊಳೆಗೇ ತೂಗುಹಾಕಿದಳು.

ಗುರುವಾರ ಅವನು ಬಂದು ನೋಡಿದ. ಕಪ್ಪು ಎಣ್ಣೆಯ ಜೆರ್ಸಿ ಹಾಗೆಯೇ ನೇತಾಡುತ್ತಿತ್ತು.

"ಎಜೆ, ಎಲ್ಲರದ್ದೂ ಒಗ್ದಿದೀರ, ನಂದೊಂದು ಮರ್ತುಬಿಟ್ರಲ್ಲ?"

"ಮರ್ತಿಲ್ಲ. ನಾನು ಆಟಗಾರರ ಬಟ್ಟೆ ಒಗೆಯೋಳು. ಕಾರು ಒರೆಸೋ ಬಟ್ಟೆ ಒಗೆಯೋದು ನನ್ನ ಕೆಲ್ಸ ಅಲ್ಲ ಕಣಪ್ಪ."

ಅವನು ನಕ್ಕ. ಶನಿವಾರದ ಹೊತ್ತಿಗೆ ಮುದುಕಿಯ ಸಿಟ್ಟು ಇಳಿಯುತ್ತದೆ ಎಂದುಕೊಂಡ. ಶುಕ್ರವಾರವೂ ಜೆರ್ಸಿ ಮೊಳೆಯ ಮೇಲೇ ಇದ್ದಾಗ ಸುದ್ದಿ ಅಧ್ಯಕ್ಷರ ಕಿವಿಗೆ ಮುಟ್ಟಿತು.

ಮರುದಿನ ಪಕ್ಕದ ಊರು ತಾಶ್-ಬುಲಾಕ್‌ನ ತಂಡದ ಜೊತೆ ಪಂದ್ಯ. ಎರಡೂ ಊರಿನ ನಡುವೆ ಹೆಣ್ಣು ಕೊಟ್ಟು ತರುವ ನಂಟಿತ್ತು, ಹಾಗಾಗಿ ಸೋತವರಿಗೆ ವರ್ಷವಿಡೀ ಬೀಗರ ಮನೆಯಲ್ಲಿ ಮುಖವಿರಲಿಲ್ಲ. ಕ್ಲಬ್ಬಿಗೆ ಇದ್ದದ್ದು ತಲೆಗೊಂದು ಬಿಳಿ ಜೆರ್ಸಿ. ಯಾವ ನಂಬರು ಯಾರದೆಂದು ಲೀಗಿಗೆ ಮೊದಲೇ ಬರೆದುಕೊಟ್ಟಾಗಿತ್ತು, ಬದಲಿಸುವಂತಿರಲಿಲ್ಲ. ಶಾಮ್‌ಬೆತ್ ಓಡೋಡಿ ಒಗೆಯುವ ಕೋಣೆಗೆ ಬಂದರು.

ಎಜೆ ಅವರನ್ನು ಕೂರಿಸಿ ಚಹಾ ಬಗ್ಗಿಸಿದಳು. ನಮ್ಮ ಕಡೆ ಬಂದವರಿಗೆ ಬಟ್ಟಲಿನ ತಳಕ್ಕೆ ನಾಲ್ಕು ಗುಟುಕು ಬಗ್ಗಿಸುತ್ತಾರೆ. ಕುಡಿದ ಹಾಗೆ ಮತ್ತೆ ಮತ್ತೆ ಬಗ್ಗಿಸುತ್ತಾರೆ, ಮಾತು ಬೆಳೆಯಲಿ ಎಂದು. ಎದ್ದು ಹೋಗಲಿ ಅನ್ನಿಸಿದವರಿಗೆ ಮಾತ್ರ ಬಟ್ಟಲು ತುಂಬಿಸಿ ಕೊಡುತ್ತಾರೆ. ಎಜೆ ಅಧ್ಯಕ್ಷರ ಬಟ್ಟಲನ್ನು ಅಂಚಿನವರೆಗೆ ತುಂಬಿಸಿದಳು. ಒಂದು ತೊಟ್ಟು ಹೊರಗೂ ಚೆಲ್ಲಿತು. ಶಾಮ್‌ಬೆತ್ ಅದನ್ನೇ ಒಂದು ಗಳಿಗೆ ನೋಡಿದರು.

"ಎಜೆ, ಒಂದೇ ಒಂದು ಜೆರ್ಸಿ. ನನ್ನ ಮುಖ ನೋಡಿ."

"ನೋಡ್ತಾನೇ ಇದೀನಿ ತಮ್ಮಾ. ಚಹಾ ಆರಿಹೋಗುತ್ತೆ, ಕುಡೀರಿ."

ಅವರು ನಾಲಿಗೆ ಸುಟ್ಟುಕೊಂಡು ಕುಡಿದು, ಜೆರ್ಸಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದರು. ಅವರ ಹೆಂಡತಿ, ಸೊನುನ್ ಎಜೆ ಒಗೆಯಲ್ಲ ಅಂದದ್ದನ್ನು ತಾನು ಒಗೆದರೆ ಊರಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ ಎಂದು ಹೇಳಿ ನೆರೆಮನೆಗೆ ನಡೆದುಬಿಟ್ಟಳು. ಗಿರಣಿ ನಡೆಸುವವನಿಗೆ ಒಂದು ಯಂತ್ರ ದೊಡ್ಡದೇ ಎಂದು ಶಾಮ್‌ಬೆತ್ ತಾವೇ ಒಗೆಯುವ ಯಂತ್ರದ ಬಾಯಿ ತೆರೆದರು, ಜೆರ್ಸಿ ಹಾಕಿದರು, ಸೋಪಿನ ಪುಡಿ ಸುರಿದರು, ಕಾಣುವ ಗುಂಡಿಗಳನ್ನೆಲ್ಲ ಒತ್ತಿದರು. ಒಳಗೆ ಹೆಂಡತಿ ಬೆಳಿಗ್ಗೆ ಹಾಕಿಟ್ಟಿದ್ದ ಹೊಸ ಕೆಂಪು ಮೇಜುವಸ್ತ್ರ ಇದ್ದದ್ದು ಅವರಿಗೆ ಕಾಣಲಿಲ್ಲ.

ಎಣ್ಣೆ ಹೋಯಿತು, ಅದು ನಿಜ. ಜೆರ್ಸಿ ಮಾತ್ರ ಮೊಸರು ಕಲಸಿದ ಬೀಟ್‌ರೂಟ್ ಸಾರಿನ ಬಣ್ಣಕ್ಕೆ ತಿರುಗಿತ್ತು.

ಶನಿವಾರ ತಿಲೆಕ್ ಅದನ್ನೇ ತೊಟ್ಟು, ಎದೆ ಮುಂದೆ ಮಾಡಿಕೊಂಡು ಮೈದಾನಕ್ಕೆ ಬಂದ. ರೆಫರಿ ಅವನನ್ನು ಮೇಲಿಂದ ಕೆಳಗೆ ನೋಡಿ ನೀನು ಯಾವ ತಂಡದವನು ಎಂದು ಕೇಳಿದ. ಗ್ಯಾಲರಿ ಬಿದ್ದು ಬಿದ್ದು ನಕ್ಕಿತು. ಶಾಮ್‌ಬೆತ್ ಎಲ್ಲಿಂದಾದರೂ ಒಂದು ಬಿಳಿ ಅಂಗಿ ತರಿಸಿ, ಮಸಿಯಲ್ಲಿ ಹತ್ತು ಎಂದು ಬರೆದು ಆಡಿಸಿ ಎಂದು ಲಿಗಾಯ್‌ಗೆ ಹೇಳಿದರು. ರೆಫರಿಯೂ ಅದಕ್ಕೆ ಒಪ್ಪುವವನಂತೆ ಕಂಡ. ಆಗ ಲಿಗಾಯ್ ಬಾಯಿ ತೆರೆದರು. ಅವರ ಕಿವಿ ಆ ಹೊತ್ತಿನಲ್ಲಿ ಕೆಂಪಾಗಿರಲಿಲ್ಲ ಎಂದು ಹತ್ತಿರ ನಿಂತವರು ಹೇಳುತ್ತಾರೆ.

"ಎಜೆ ಅವನ ಜೆರ್ಸಿ ಹಗ್ಗಕ್ಕೆ ಹಾಕಿದ ದಿನ ಅವನು ಆಡ್ತಾನೆ. ಅಲ್ಲೀವರೆಗೂ ಇಲ್ಲ."

ವರ್ಷವಿಡೀ ಸಭೆಯಲ್ಲಿ ಹುಡುಕಿದರೂ ಸಿಗದ ಧೈರ್ಯ ಒಂದು ಗುಲಾಬಿ ಜೆರ್ಸಿ ನೋಡಿ ಅವರಿಗೆ ಬಂದಿತ್ತು. ತಿಲೆಕ್ ಬೆಂಚಿನ ಮೇಲೆ ಕುಳಿತ. ತಂಡ ಒಂದಕ್ಕೆ ಎರಡು ಗೋಲಿನಿಂದ ಸೋತಿತು.

ಸೋಲಿನ ಹೊರೆ ಸೊನುನ್ ಎಜೆಯ ತಲೆಗೆ ಬಿತ್ತು. ಬಜಾರಿನಲ್ಲಿ ಜನ ಆಕೆಗೆ ದಾರಿ ಬಿಡುವುದನ್ನು ನಿಲ್ಲಿಸಿದರು. ಸಮೋಸದವನು ತಂದೂರಿನಲ್ಲಿ ಸುಟ್ಟ ಸಮೋಸ ಬಿಸಿಬಿಸಿ ಬರುತ್ತಿದ್ದರೂ ತಣ್ಣಗಾದವನ್ನೇ ಆರಿಸಿ ಕೊಟ್ಟ. ಕಲ್ಲಂಗಡಿ ಮಾರುವವನೊಬ್ಬ ನಾಲ್ಕು ಜನ ಕೇಳುವ ಹಾಗೆ, "ಎರಡು ಗೋಲು ತಿಂದ್ವಲ್ಲ ಎಜೆ, ಸೋಪು ಎಷ್ಟು ಉಳೀತು?" ಎಂದ.

"ಒಂದು ಚೂರು ಉಳಿದಿದೆ. ನಿನ್ನ ಬಾಯಿ ತೊಳ್ಕೊಳ್ಳೋಕೆ ಬೇಕಾದ್ರೆ ಕಳಿಸ್ತೀನಿ," ಎಂದು ಎಜೆ ನಡೆದಳು.

ಬಾಯಿಗೆ ಬಂದ ಹಾಗೆ ಅಂದುಬಿಟ್ಟಳಾದರೂ ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ತಲೆವಸ್ತ್ರವನ್ನೂ ಬಿಚ್ಚದೆ ಕುಳಿತುಬಿಟ್ಟಳು. ಸೋಲು ಆಕೆಗೂ ಸುಡುತ್ತಿತ್ತು. ಜೊಲ್ಚು ಬಿಟ್ಟ ಗೋಲುಗಳನ್ನೆಲ್ಲ ಎದೆಯಲ್ಲಿ ತುಂಬಿಕೊಂಡವಳಿಗೆ ಈ ಊರಿನ ಸೋಲು ಎಂದರೇನೆಂದು ಯಾರೂ ಕಲಿಸಬೇಕಾಗಿರಲಿಲ್ಲ. ತನ್ನ ಹಟಕ್ಕೆ ಹದಿನೇಳು ಜನ ಯಾಕೆ ಸೋಲಬೇಕು ಎಂದುಕೊಂಡಳು. ಮರುಗಳಿಗೆಯೇ ಎಣ್ಣೆಯ ಕಡ್ಡಿ ಒರೆಸಿದ್ದು ಕಣ್ಣಿಗೆ ಬಂತು. ಎದ್ದು ಹಿಟ್ಟು ಕಲಸಿದಳು. ಬೇಜಾರಾದಾಗ ಹಿಟ್ಟು ಕಲಸುವುದು ಆಕೆಯ ಅಭ್ಯಾಸ. ಅಂದು ನಾದಿದ ನಾದಿಗೆ ಶ್ಯಾವಿಗೆ ಎಳೆಯಲು ಬಾರದಷ್ಟು ಗಟ್ಟಿಯಾಗಿ ಅದನ್ನು ನಾಯಿಗೆ ಹಾಕಬೇಕಾಯಿತು.

ಈ ನಡುವೆ ಶಾಮ್‌ಬೆತ್ ಬೇರೆ ಒಗೆಯುವವಳನ್ನು ಹುಡುಕಿದರು. ಇಬ್ಬರು ಬಂದು ಕೋಣೆ ನೋಡಿದರು, ಯಂತ್ರ ನೋಡಿದರು, ಕಾಲುಚೀಲಗಳ ರಾಶಿಯ ವಾಸನೆ ನೋಡಿದರು, ಹೊರಟುಹೋದರು. ಎಜೆಯನ್ನು ತೆಗೆದರೆ ತಾನೂ ಹೊರಡುತ್ತೇನೆ ಎಂದು ಲಿಗಾಯ್ ಹೇಳಿದರು.

ಬುಧವಾರ ಮಧ್ಯಾಹ್ನ ತಿಲೆಕ್ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಒಗೆಯುವ ಕೋಣೆಯ ಬಾಗಿಲಲ್ಲಿ ನಿಂತ. ಚೀಲದಲ್ಲಿ ಗುಲಾಬಿ ಜೆರ್ಸಿ. ಬಹಳ ಗಂಭೀರವಾಗಿ ಜೇಬಿನಿಂದ ಒಂದು ಕಾಗದ ತೆಗೆದು ಚಾಚಿದ. ತಪ್ಪೊಪ್ಪಿಗೆಯ ಜೆರಾಕ್ಸ್. ತಾರೀಖನ್ನು ಮಾತ್ರ ಪೆನ್ನಿನಲ್ಲಿ ತುಂಬಿದ್ದ.

ಎಜೆ ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಓದಿದಳು. ಒಳ್ಳೆಯ ಕಾಗದ, ಇನ್ನೂ ಇದೆಯೇ ಎಂದು ಕೇಳಿದಳು. ಅವನು ಜೇಬು ತಡವಿ ಹದಿಮೂರು ಹಾಳೆ ಕೊಟ್ಟ. ಎಜೆ ಎಲ್ಲವನ್ನೂ ಮುದುರಿ ಒಲೆಗೆ ಹಾಕಿದಳು. ಹಂಡೆಯ ಕೆಳಗೆ ಬೆಂಕಿ ಭಗ್ಗನೆ ಎದ್ದಿತು. ತಿಲೆಕ್‌ಗೆ ತಡೆಯಲಾರದ ನಗು ಬಂತು. ಎಜೆಯೂ ನಕ್ಕಳು. ನಗುವುದು ಮುಗಿದ ಮೇಲೆ ಉಜ್ಜುವ ಹಲಗೆಯನ್ನು ಅವನ ಕಡೆ ತಳ್ಳಿದಳು.

"ಒಂದಕ್ಕೋಸ್ಕರ ಹಂಡೆ ಕಾಯಿಸಿದ್ರೆ ಸೌದೆ ದಂಡ. ಎಲ್ಲರದ್ದೂ ಹಾಕು."

ಅವನು ತೋಳು ಮಡಚಿದ. ಜೆರ್ಸಿಯನ್ನು ಬೆಕ್ಕಿನ ಮರಿಗೆ ಸ್ನಾನ ಮಾಡಿಸುವವನಂತೆ ಹಿಡಿದಿದ್ದ. ಹಾಗಲ್ಲ, ಕಾಲರಿಂದ ಶುರು ಮಾಡು ಎಂದು ಎಜೆ ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತ ಹೋದಳು. ನಾಲ್ಕನೇ ನಂಬರಿನ ಬೆನ್ನಿಗೆ ಹುಲ್ಲಿನ ಹಸಿರು ಅಂಟಿತ್ತು, ಎಷ್ಟು ಉಜ್ಜಿದರೂ ಹೋಗಲಿಲ್ಲ. ಆರನೇ ನಂಬರಿನ ಮೊಣಕೈಗೆ ರಕ್ತ. ಅದಕ್ಕೆ ತಣ್ಣೀರು, ಬಿಸಿನೀರು ತಾಗಿದರೆ ಕಲೆ ಕಚ್ಚಿಕೊಳ್ಳುತ್ತದೆ. ಗಂಟೆ ಕಳೆಯುವಷ್ಟರಲ್ಲಿ ಅವನ ಬೆರಳ ಗಿಣ್ಣುಗಳು ಸುಲಿದವು. ಕಿಟಕಿಯ ಆಚೆ ಇಡೀ ತಂಡ ಸೇರಿ ನೋಡುತ್ತಿತ್ತು. ನಾಲ್ಕನೇ ನಂಬರಿನ ದಪ್ಪ ರಕ್ಷಕ ಮೆಲ್ಲನೆ ಕೈ ಒಳಗೆ ಚಾಚಿ ತನ್ನ ಕಾಲುಚೀಲಗಳನ್ನೂ ರಾಶಿಗೆ ಸೇರಿಸಿದ.

"ನಂದನ್ನ ಉಜ್ಜೋಕೂ ಇಷ್ಟು ಕಷ್ಟ ಆಗ್ತಿತ್ತಾ ಎಜೆ?" ಎಂದು ತಿಲೆಕ್ ಕೇಳಿದ.

"ನಿಂದಾ? ನಿಂದು ಎಲ್ಲಕ್ಕಿಂತ ಸುಲಭ. ಒಂದು ವರ್ಷ, ಹದಿನಾಲ್ಕು ಗೋಲು, ಒಂದು ಹುಲ್ಲಿನ ಕಲೆ ಕಂಡಿಲ್ಲ ನಾನು. ಆ ನಾಲ್ಕನೇ ನಂಬರು ಬಿದ್ದು ಚೆಂಡು ಕಿತ್ತುಕೊಡ್ತಾನೆ, ಈ ಆರನೇದು ಮೊಣಕೈ ಒಡ್ಕೊಂಡು ನಿನ್ನ ಹತ್ರ ತರ್ತಾನೆ, ನೀನು ಕಾಲು ಚಾಚ್ತೀಯ. ಮದುವೆ ಮನೆಗೆ ತೊಟ್ಕೊಂಡು ಹೋಗ್ಬೋದು ನಿನ್ನ ಜೆರ್ಸೀನ."

ಇಡೀ ಊರು ತೋರದ ತಪ್ಪನ್ನು, ಕೋಚ್ ಕೂಗಿ ಕೂಗಿ ಹೇಳಿದರೂ ಕಿವಿಗೆ ಹೋಗದ್ದನ್ನು, ಸೋಪಿನ ನೊರೆಯಲ್ಲಿ ಕೈಯಿಟ್ಟುಕೊಂಡು ಅವನು ಕೇಳಬೇಕಾಯಿತು. ಬಹಳ ಹೊತ್ತು ತಲೆ ತಗ್ಗಿಸಿ ನಾಲ್ಕನೇ ನಂಬರಿನ ಬೆನ್ನನ್ನೇ ಉಜ್ಜಿದ. ಗುಲಾಬಿ ಬಣ್ಣ ಬಿಡಿಸಲು ಸೋಡಾ ಹಾಕಿ ಮೂರು ಸಲ ಕುದಿಸಬೇಕಾಯಿತು. ಸಂಜೆಯ ಹೊತ್ತಿಗೆ, ಬಿಸಿಲಿಗೆ ಹಿಡಿದು ನೋಡದಿದ್ದರೆ ಬಿಳಿ ಎನ್ನಬಹುದಾದಷ್ಟಕ್ಕೆ ಬಂತು. ಎಜೆ ಅದನ್ನು ತನ್ನ ಕೈಯಾರೆ ಹಗ್ಗಕ್ಕೆ ಹಾಕಿದಳು. ಲಿಗಾಯ್ ದೂರದಿಂದಲೇ ನೋಡಿ, ತಂಡದ ಪಟ್ಟಿಯಲ್ಲಿ ಹೆಸರು ಬರೆದುಕೊಂಡರು.

ಮುಂದಿನ ಪಂದ್ಯದಲ್ಲಿ ತಿಲೆಕ್ ಗೋಲು ಹೊಡೆದ ತಕ್ಷಣ ಮೈದಾನದ ಮೂಲೆಯಲ್ಲಿ ಕೆಸರಿದ್ದ ಜಾಗಕ್ಕೆ ಓಡಿ, ಎಮ್ಮೆ ಹೊರಳುವ ಹಾಗೆ ಎರಡು ಸಲ ಹೊರಳಿ, ಎದ್ದು ಸೊನುನ್ ಎಜೆಯ ಕಡೆ ನೋಡಿ ಜೆರ್ಸಿ ಅಗಲಿಸಿ ತೋರಿಸಿದ. ಗ್ಯಾಲರಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾದ ಎಜೆ ಕೈಗೆ ಸಿಕ್ಕ ಬಕೆಟ್ಟನ್ನು ಅವನತ್ತ ಬೀಸಿದಳು. ಸುಳ್ಳು ಕಲೆ ಯಾವುದು, ನಿಜವಾದ ಕಲೆ ಯಾವುದು ಎಂದು ತನಗೆ ಹೇಳಿಕೊಡಬೇಕೇ ಎಂದು ಅಂದು ಅವನಿಗೆ ಆದ ಮಂಗಳಾರತಿ ಇಷ್ಟಲ್ಲ. ನಿಜವಾದ ಕಲೆ ಕಂಡದ್ದು ಜೂನ್ ತಿಂಗಳಲ್ಲಿ, ಅವನ ಜೆರ್ಸಿಯ ಎಡಭುಜದ ಹಿಂದೆ, ಹುಲ್ಲಿನ ಹಸಿರು. ಆಕೆ ಯಾರಿಗೂ ಹೇಳಲಿಲ್ಲ. ಸ್ವಲ್ಪ ಹೊತ್ತು ಉಜ್ಜದೆ ನೋಡುತ್ತ ಕುಳಿತಳು, ಅಷ್ಟೆ.

ಅವನು ಸಂತನಾದ ಎಂದು ಯಾರೂ ತಿಳಿಯಬಾರದು. ತಡವಾಗಿ ಬರುವುದು ಪೂರ್ತಿ ಬಿಡಲಿಲ್ಲ. ತಪ್ಪು ಮಾಡಿದವರು ಸೋಮವಾರ ಎಜೆಯ ಕೋಣೆಯಲ್ಲಿ ಬಟ್ಟೆ ಒಗೆಯಬೇಕೆಂದು ಲಿಗಾಯ್ ನಿಯಮ ಮಾಡಿದರು. ಇವರು ಒಗೆದದ್ದನ್ನು ನಾನು ಮತ್ತೆ ಒಗೆಯಬೇಕು, ಶಿಕ್ಷೆ ಇವರಿಗೋ ನನಗೋ ಎಂದು ಎಜೆ ಗೊಣಗಿದಳು. ಹಾಗೆ ಗೊಣಗುತ್ತಲೇ ಸೋಮವಾರಗಳಂದು ಒಂದು ತಪ್ಪಲೆ ಹೆಚ್ಚಿಗೆ ಶ್ಯಾವಿಗೆ ಬೇಯಿಸತೊಡಗಿದಳು, ಅದರ ವಾಸನೆಗೆ ತಪ್ಪು ಮಾಡದವರೂ ಬರತೊಡಗಿದರು.

ಎರಡು ವರ್ಷದ ನಂತರ ತಿಲೆಕ್ ಗಡಿಯಾಚೆ, ಕಝಾಕರ ನಾಡಿನ ದೊಡ್ಡ ಕ್ಲಬ್ಬೊಂದಕ್ಕೆ ಹೋದ. ಹೋಗುವಾಗ ಎಜೆಗೆ ಹೇಳಿ ಹೋಗಲು ಬಂದು, ತಡವಾಗಿ ಬಂದದ್ದರಿಂದ ಬಸ್ಸು ತಪ್ಪಿಸಿಕೊಂಡ. ಮರುದಿನದ ಬಸ್ಸಿಗೆ ಎಜೆಯೇ ಬೆಳಿಗ್ಗೆ ಅವನ ಮನೆಗೆ ಹೋಗಿ ಎಬ್ಬಿಸಿ ಹತ್ತಿಸಿದಳು.

ಆ ಚಳಿಗಾಲ ಶಾಮ್‌ಬೆತ್ ಫೋನನ್ನು ಮುಂದೆ ಹಿಡಿದುಕೊಂಡು ಒಗೆಯುವ ಕೋಣೆಗೆ ಬಂದರು. ಗಡಿಯಾಚೆಯ ಕ್ಲಬ್ಬಿನ ನಿರ್ದೇಶಕರು ಮಾತಾಡುತ್ತಿದ್ದರು. ನಿಮ್ಮ ಹುಡುಗ ಇಲ್ಲಿ ಯಾರ ಮಾತೂ ಕೇಳುತ್ತಿಲ್ಲ, ಮನಶ್ಶಾಸ್ತ್ರಜ್ಞರನ್ನು ಕರೆಸಿದ್ದೇವೆ, ವಕೀಲರನ್ನು ಕೇಳಿದ್ದೇವೆ, ನೀವು ಹೇಗೆ ಸಂಭಾಳಿಸಿದಿರಿ ಎಂದು ಅವರ ಪ್ರಶ್ನೆ. ಎಜೆ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಫೋನು ತೆಗೆದುಕೊಂಡಳು.

"ನಿಮ್ಮಲ್ಲಿ ಬಟ್ಟೆ ಒಗೆಯೋರ ಹೆಸರೇನು?"

ಆ ಕಡೆ ಅವರು ಪಕ್ಕದವರನ್ನು ಕೇಳಿದ್ದು ಕೇಳಿಸಿತು. ಪಕ್ಕದವರಿಗೂ ಗೊತ್ತಿರಲಿಲ್ಲ.

"ಮೊದ್ಲು ಅದನ್ನ ತಿಳ್ಕೊಂಡು ಬನ್ನಿ, ಆಮೇಲೆ ಮಾತಾಡೋಣ," ಎಂದು ಎಜೆ ಫೋನನ್ನು ಶಾಮ್‌ಬೆತ್ ಕೈಗಿತ್ತಳು. ಹೊರಗೆ ಹಿಮ ಬೀಳಲು ಶುರುವಾಗಿತ್ತು, ಹಗ್ಗದ ಮೇಲೆ ಹದಿನೆಂಟು ಜೆರ್ಸಿಗಳಿದ್ದವು. ಅಧ್ಯಕ್ಷರೇ, ನಿಂತು ನೋಡಬೇಡಿ, ಹಗ್ಗದ ಆ ತುದಿ ಹಿಡಿಯಿರಿ ಎಂದು ಅವರನ್ನೂ ಎಳೆದುಕೊಂಡು ಆಕೆ ಓಡಿದಳು.